ಸದನಕ್ಕೆ ಹೇಳಿದ ಸುಳ್ಳು

ರಾಜೀವಿ ಲೋಕಸಭೆಯನ್ನು ಕಣ್ಣಾರೆ ಕಂಡವಳಲ್ಲ. ದೆಹಲಿಗೇ ಹೋದವಳಲ್ಲ. ಆದರೂ ಏಳೆಂಟು ವರ್ಷ ಆ ಸಭೆಯಲ್ಲಿ ಸರಕಾರವನ್ನು ಪ್ರಶ್ನೆ ಕೇಳಿದವಳು ಅವಳೇ. ಕಲ್ಕತ್ತಾದ ಕಸ್ಬಾದಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಟೈಪ್‌ರೈಟರ್ ಮುಂದೆ ಕೂತು ಒಂದರ ಹಿಂದೆ ಒಂದು ಕೇಳಿದಳು. ಹೆಸರು ಮಾತ್ರ ಭವತೋಷ ಸಮಾದ್ದಾರ್ ಎಂಬ ಸಂಸದರದ್ದು. ಅವರು ಸಹಿ ಹಾಕುತ್ತಿದ್ದರು, ಅಷ್ಟೆ.

ಭವತೋಷ ಬಾಬು ಕೆಟ್ಟ ಮನುಷ್ಯರಲ್ಲ. ಕಸ್ಬಾದ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಪಕ್ಷ ನಿಲ್ಲು ಎಂದಾಗ ಚುನಾವಣೆಗೆ ನಿಂತರು, ಗೆದ್ದರು. ದೆಹಲಿಯಲ್ಲಿ ಕೂರು ಎಂದಲ್ಲಿ ಕೂತರು. ಅದು ಕಟ್ಟಕಡೆಯ ಸಾಲು, ಕಂಬದ ಮಗ್ಗುಲು. ಮೊದಲ ವರ್ಷ ಅವರು ಸಭೆಯಲ್ಲಿ ಮಾತಾಡಿದ್ದು ನಾಲ್ಕೇ ನಿಮಿಷ, ಬಾಲಿಗಂಜ್ ಹತ್ತಿರದ ರೈಲ್ವೆ ಗೇಟಿನ ಬಗ್ಗೆ. ಐದನೆಯ ನಿಮಿಷಕ್ಕೆ ಸ್ಪೀಕರರ ಗಂಟೆ ಹೊಡೆಯಿತು, ಕೂತುಬಿಟ್ಟರು. ಮತ್ತೆ ಏಳುವ ಧೈರ್ಯ ಅವರಿಗೆ ಬರಲಿಲ್ಲ.

ಅಂಥವರ ಆಫೀಸಿಗೆ ಇಂಗ್ಲಿಷ್ ಟೈಪ್ ಬರುವವರು ಬೇಕಾಗಿತ್ತು. ರಾಜೀವಿ ಹೋದಳು. ಅದು ಎಂಬತ್ತನೆಯ ಇಸವಿ. ಅವಳಿಗೆ ಆಗ ಮೂವತ್ತೆರಡು, ಗಂಡ ತೀರಿಕೊಂಡು ಒಂದೂವರೆ ವರ್ಷ. ಕೆಲಸ ಕೊಡಿ ಎಂದು ಯಾರ ಮುಂದೆಯೂ ಅತ್ತವಳಲ್ಲ. ಅಳುವ ಹೆಂಗಸು ಬೇರೆ, ಹಲ್ಲು ಕಚ್ಚಿಕೊಂಡು ಕಾಯುವ ಹೆಂಗಸು ಬೇರೆ. ರಾಜೀವಿ ಎರಡನೆಯ ಜಾತಿ.

ಯಾರಿಗಾಗಿ ಕಾಯುತ್ತಿದ್ದಳು ಎಂದರೆ, ಹಯವದನ ರಾಯರಿಗಾಗಿ.

ಈ ಹಯವದನ ರಾಯರು ಹೊರಗಿನವರಲ್ಲ. ರಾಜೀವಿಯ ತಂದೆ ಗಣಪಯ್ಯ ಉಡುಪಿ ಕಡೆಯಿಂದ ಬಂದು ಬಿಬಿಡಿ ಬಾಗ್ ಹಿಂದಿನ ಗಲ್ಲಿಯಲ್ಲಿ ಊಟದ ಮೆಸ್ಸು ಇಟ್ಟವರು. ಆಫೀಸುಗಳಲ್ಲಿ ಕೆಲಸ ಮಾಡುವ ಊರಿನವರೆಲ್ಲ ಮಧ್ಯಾಹ್ನ ಅಲ್ಲಿಗೇ ಬರುತ್ತಿದ್ದರು. ಹಯವದನ ರಾಯರು ಹನ್ನೊಂದು ವರ್ಷ ಅಲ್ಲಿ ಉಂಡವರು. ಗೋಡೆ ಬದಿಯ ಮೂಲೆಯ ಎಲೆ ಅವರದೇ ಎಂದು ಲೆಕ್ಕ. ಬೇರೆ ಯಾರೂ ಕೂರುತ್ತಿರಲಿಲ್ಲ. ಫ್ರಾಕ್ ಹಾಕಿದ ರಾಜೀವಿ ಅವರ ಎಲೆಗೆ ಉಪ್ಪು ಬಡಿಸಿದ್ದಾಳೆ. ಪೂರ್ವಾಂಚಲ ಸರಕು ನಿಗಮ ಎಂಬ ಕೇಂದ್ರ ಸರಕಾರದ ಕಂಪನಿಯಲ್ಲಿ ಅವರು ಸಣ್ಣ ಅಧಿಕಾರಿ. ತಮ್ಮ ಕೈಕೆಳಗೆ ಸ್ಟೋರ್‌ಕೀಪರ್ ಆಗಿದ್ದ ರಘುಪತಿ ಎಂಬ ಹುಡುಗನನ್ನು ತೋರಿಸಿ, 'ಗಣಪಯ್ಯನವರೇ, ಚಿನ್ನದಂಥ ಹುಡುಗ, ಕಣ್ಣುಮುಚ್ಚಿ ಕೊಡಿ' ಎಂದವರೂ ಅವರೇ. ಕೊಟ್ಟರು. ಮಾತು ಸುಳ್ಳಾಗಲಿಲ್ಲ. ರಘುಪತಿ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವುದೇ ದೊಡ್ಡ ಚಟ ಎಂದು ತಿಳಿದಿದ್ದ ಮನುಷ್ಯ.

ಖಿದಿರ್‌ಪುರದ ಹಡಗುಕಟ್ಟೆಯ ಹತ್ತಿರ ನಿಗಮದ ಮೂರು ಅಂತಸ್ತಿನ ಗೋದಾಮು. ಸರಕು ಮೇಲೆತ್ತಲು ಒಂದು ಹಳೆಯ ಲಿಫ್ಟು. ಅದರ ತಂತಿಹಗ್ಗ ಎಳೆ ಬಿಟ್ಟಿತ್ತು. ರಘುಪತಿ ಮೂರು ಸಲ ಬರೆದು ಕೊಟ್ಟ. ಮೂರು ಸಲವೂ ಹಯವದನ ರಾಯರು 'ನೋಡುವಾ' ಎಂದರು. ಎಪ್ಪತ್ತೆಂಟರ ದೊಡ್ಡ ನೆರೆ ಇಳಿದ ವಾರ, ಒದ್ದೆಯಾದ ಸರಕನ್ನೆಲ್ಲ ಮೇಲಕ್ಕೆ ಸಾಗಿಸುವಾಗ ಹಗ್ಗ ಹರಿಯಿತು. ಸ್ಪಿರಿಟ್ ತುಂಬಿದ ಪೀಪಾಯಿಗಳ ಸಮೇತ ಲಿಫ್ಟು ಕೆಳಗಿದ್ದ ರಘುಪತಿಯ ಮೇಲೆ ಬಿತ್ತು. ಪೀಪಾಯಿ ಒಡೆದು ಸ್ಪಿರಿಟ್ಟು ಅವನ ಮೈಯೆಲ್ಲ ಸುರಿಯಿತು.

ಹಗ್ಗದ ವಿಷಯ ಎದ್ದರೆ ಮೂರು ಸಲ 'ನೋಡುವಾ' ಎಂದವರ ಕೆಲಸ ಹೋಗುತ್ತದಲ್ಲ. ಹಯವದನ ರಾಯರು ಅದೇ ಸಂಜೆ ವರದಿ ಬರೆದರು. 'ಮೃತ ನೌಕರನು ಮದ್ಯಪಾನದ ಅಮಲಿನಲ್ಲಿ, ನಿಷೇಧಿತ ಜಾಗದಲ್ಲಿ ನಿಂತಿದ್ದನು.' ಒಂದೇ ವಾಕ್ಯ. ಹಗ್ಗದ ಮಾತೇ ಇಲ್ಲ.

ಅದನ್ನು ಬರೆದು ಸುಮ್ಮನಿದ್ದಿದ್ದರೆ ರಾಜೀವಿ ಎಂದಾದರೂ ಕ್ಷಮಿಸುತ್ತಿದ್ದಳೋ ಏನೋ. ಅವರು ಮನೆಗೆ ಬಂದರು. ರಘುಪತಿಯ ತಾಯಿ ಶಾಂತಮ್ಮ ಹೊಸ್ತಿಲ ಬಳಿ ಕೂತಿದ್ದರು. ಮಗನ ಬಟ್ಟೆಯ ಗಂಟು ಆಸ್ಪತ್ರೆಯಿಂದ ಬಂದಿತ್ತು. ಬಿಚ್ಚಿ ಮೂಸಿ, ಮುಖ ಕಲ್ಲು ಮಾಡಿಕೊಂಡಿದ್ದರು. ಹಯವದನ ರಾಯರು ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲನೆ ಹೇಳಿದರು.

"ಶಾಂತಕ್ಕ, ಹೇಳಬಾರದು. ಆದರೆ ಹೇಳದೆ ಇರ್ಲಿಕ್ಕೂ ಆಗುದಿಲ್ಲ. ಸ್ವಲ್ಪ ಸಮಯದಿಂದ ಅವನಿಗೆ ಅಭ್ಯಾಸ ಉಂಟಾಗಿತ್ತು. ನಾನು ಎಷ್ಟೋ ಸಲ ಹೇಳಿದೆ."

ಮೂಗೇ ಸಾಕ್ಷಿ ಹೇಳಿದ ಮೇಲೆ, ಊರಿನ ದೊಡ್ಡ ಮನುಷ್ಯ ಹೌದು ಎಂದ ಮೇಲೆ, ಆ ತಾಯಿ ಇನ್ನೇನು ಮಾಡಬೇಕು? ಬಟ್ಟೆಯ ಗಂಟನ್ನು ಕಾಲಲ್ಲಿ ತಳ್ಳಿದರು. ಮತ್ತೆ ಮಗನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರ ಹೆಸರಿನಲ್ಲಿ ಎಲೆ ಹಾಕಿ ಬಡಿಸುವುದು ಆ ಮನೆಯ ಕ್ರಮ. ಪ್ರತಿ ವರ್ಷ ಶಾಂತಮ್ಮ ತಮ್ಮ ಗಂಡನಿಗೊಂದು ಎಲೆ ಹಾಕುತ್ತಿದ್ದರು. ಮಗನಿಗೆ ಹಾಕುತ್ತಿರಲಿಲ್ಲ. ರಾಜೀವಿ ಎರಡನೆಯ ಎಲೆ ತಂದರೆ ಕಿತ್ತು ಒಳಗಿಡುತ್ತಿದ್ದರು.

"ಕುಡಿದು ಸತ್ತವನಿಗೆ ಈ ಮನೆಯಲ್ಲಿ ಎಲೆ ಇಲ್ಲ."

"ಅವರು ಕುಡಿಯುತ್ತಿರಲಿಲ್ಲ ಅತ್ತೆ. ನಾನು ಆರು ವರ್ಷ ಒಟ್ಟಿಗೆ ಇದ್ದವಳು."

"ನೀನು ಹೆಂಡತಿ. ನೀನು ಮತ್ತೆ ಎಂತ ಹೇಳ್ತಿ?"

ಆ ಮಾತು ರಾಜೀವಿಗೆ ನಾಟಬೇಕಾದಲ್ಲಿ ನಾಟಿತು. ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಒಬ್ಬನ ಮೇಲೆಯೇ ಬಂತು. ಅವನು ಬರೆದ ಸುಳ್ಳನ್ನು ಅವನ ಬಾಯಿಂದಲೇ ಉಗುಳಿಸಬೇಕು, ಊರೆಲ್ಲ ಕೇಳುವ ಹಾಗೆ ಉಗುಳಿಸಬೇಕು ಎಂದು ಅಂದೇ ನಿಶ್ಚಯ ಮಾಡಿದಳು.

ನಾಲ್ಕು ತಿಂಗಳು ಅಲೆದು ಶವಪರೀಕ್ಷೆಯ ವರದಿಯ ನಕಲು ತಂದಳು. ಹೊಟ್ಟೆಯಲ್ಲಾಗಲಿ ರಕ್ತದಲ್ಲಾಗಲಿ ಮದ್ಯದ ಅಂಶ ಇಲ್ಲ, ಬಟ್ಟೆಯ ಮೇಲೆ ಮಾತ್ರ ಸ್ಪಿರಿಟ್ಟಿದೆ ಎಂದು ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರು. ಅದನ್ನು ಅತ್ತೆಗೆ ಓದಿ ಹೇಳಿದಳು. ಇಂಗ್ಲಿಷಿನ ಕಾಗದ, ಸೊಸೆಯ ಬಾಯಿ. ಶಾಂತಮ್ಮ ಗೋಡೆ ಕಡೆ ತಿರುಗಿ ಮಲಗಿದರು. ರಾಜೀವಿ ಆ ವರದಿಯ ಪ್ರತಿಯನ್ನು ಹಯವದನ ರಾಯರ ಹೆಸರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದಳು. ತಲುಪಿದ್ದಕ್ಕೆ ಸಹಿ ಹಾಕಿ ವಾಪಸು ಬರುವ ಅಂಚೆ ಚೀಟಿ ಇರುತ್ತದಲ್ಲ, ಅದೂ ಬಂತು. ಅದರ ಮೇಲೆ ಅವರ ಪೂರ್ತಿ ಸಹಿ, ತಾರೀಕು. ವಾರ ಬಿಟ್ಟು ಅವರ ಆಫೀಸಿಗೇ ಹೋದಳು.

ಹಯವದನ ರಾಯರು ಕುರ್ಚಿ ತೋರಿಸಿದರು, ಚಹಾ ತರಿಸಿದರು. ಆಮೇಲೆ ಹೇಳಿದರು, "ನೋಡು ರಾಜೀವಿ, ಆ ಕಾಗದ ಕಡತದಲ್ಲಿ ಇಲ್ಲ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ. ಇದು ಸರಕಾರ. ನೀನು ಮನೆಗೆ ಹೋಗು, ಅತ್ತೆಯನ್ನು ನೋಡಿಕೊ."

ಅವಳು ಚಹಾ ಮುಟ್ಟಲಿಲ್ಲ. ಎರಡು ತಿಂಗಳಲ್ಲಿ ಹಯವದನ ರಾಯರಿಗೆ ಬಡ್ತಿ ಬಂತು, ದೆಹಲಿಯ ಮುಖ್ಯ ಕಚೇರಿಗೆ ಹೋದರು. ವಕೀಲರನ್ನು ಕೇಳಿದರೆ, ಕೇಸು ಮುಗಿಯಲು ಹತ್ತು ವರ್ಷ ಎಂದರು. ಗೋದಾಮಿನ ಯೂನಿಯನ್ನಿನವರು, ಸತ್ತವನು ಸತ್ತ, ಆಡಳಿತದ ಜೊತೆ ಈಗ ಚೆನ್ನಾಗಿದೆ, ಕೆದಕಬೇಡಿ ಎಂದರು. ರಾಜೀವಿ ಟೈಪಿಂಗ್ ಕಲಿಯಲು ಸೇರಿದಳು.

ಭವತೋಷ ಬಾಬುಗಳ ಆಫೀಸಿನಲ್ಲಿ ಅವಳು ಮೊದಲ ಆರು ತಿಂಗಳು ರೇಷನ್ ಕಾರ್ಡಿನ ಶಿಫಾರಸು ಪತ್ರಗಳನ್ನು ಟೈಪ್ ಮಾಡಿದಳು. ಒಂದು ದಿನ ಕಪಾಟು ಗುಡಿಸುವಾಗ ಲೋಕಸಭೆಯ ನಿಯಮಗಳ ಪುಸ್ತಕ ಸಿಕ್ಕಿತು. ಮೇಲಿನ ಕಾಗದದ ಹೊದಿಕೆ ಕೂಡ ತೆಗೆದಿರಲಿಲ್ಲ. ಮನೆಗೆ ತಂದು, ಕರೆಂಟು ಹೋದಾಗಲೆಲ್ಲ ಲಾಟೀನಿನ ಬೆಳಕಲ್ಲಿ ಓದಿದಳು. ಆ ಕಾಲದ ಕಲ್ಕತ್ತಾದಲ್ಲಿ ಕರೆಂಟು ಹೋಗದ ಸಂಜೆ ಎಲ್ಲಿತ್ತು, ಪುಸ್ತಕ ಬೇಗ ಮುಗಿಯಿತು.

ಬಾಯಿ ಬಿಟ್ಟು ಮಾತಾಡಲು ಬಾರದ ಸಂಸದನಿಗೂ ಒಂದು ದಾರಿ ಇದೆ ಎಂದು ಅವಳಿಗೆ ಅದರಿಂದ ಗೊತ್ತಾಯಿತು. ಬರೆದು ಕೇಳಬಹುದು. ನಕ್ಷತ್ರದ ಗುರುತಿರುವ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು. ಗುರುತಿಲ್ಲದ್ದಕ್ಕೆ ಬರಹದಲ್ಲಿ ಕೊಟ್ಟರೆ ಸಾಕು. ಬರೆದ ಉತ್ತರವೂ ಸಭೆಯಲ್ಲಿ ಹೇಳಿದ ಹಾಗೆಯೇ ಲೆಕ್ಕ, ಅಚ್ಚಾಗಿ ದಪ್ಪ ಪುಸ್ತಕದಲ್ಲಿ ಉಳಿಯುತ್ತದೆ.

"ಮಾಸ್ಟರ್‌ಮೊಶಾಯ್," ಎಂದಳು. ಕಸ್ಬಾದಲ್ಲಿ ಎಲ್ಲರೂ ಅವರನ್ನು ಹಾಗೆಯೇ, ಬಂಗಾಳಿಯಲ್ಲಿ ಮೇಷ್ಟರೇ ಎಂದೇ, ಕರೆಯುವುದು. "ನೀವು ಎದ್ದು ನಿಲ್ಲುವುದು ಬೇಡ. ಬರೆದು ಕೇಳಿ. ನಾನು ಬರೆದು ಕೊಡುತ್ತೇನೆ."

ಮುದುಕರ ಮುಖ ಅರಳಿತು. ಅಂದಿನಿಂದ ಶುರು. ಅಂಚೆ ಪೆಟ್ಟಿಗೆ ಎಷ್ಟು ಹೊತ್ತಿಗೆ ತೆರೆಯುತ್ತಾರೆ, ಟೆಲಿಫೋನಿಗೆ ಎಷ್ಟು ಜನ ಕಾಯುತ್ತಿದ್ದಾರೆ, ಸಿಯಾಲ್ದಾ ಲೋಕಲ್ ರೈಲುಗಳಲ್ಲಿ ಎಷ್ಟು ಫ್ಯಾನು ಕೆಟ್ಟಿವೆ. ಒಂದು ಅಧಿವೇಶನಕ್ಕೆ ಇಪ್ಪತ್ತು ಮೂವತ್ತು ಪ್ರಶ್ನೆ. ಪತ್ರಿಕೆಯವರು ತಮಾಷೆ ಮಾಡಿದರು, ಒಬ್ಬನಂತೂ ಅವರಿಗೆ 'ಫ್ಯಾನ್ ಬಾಬು' ಎಂದು ಹೆಸರಿಟ್ಟ. ಭವತೋಷ ಬಾಬುಗಳಿಗೆ ಬೇಸರವಿಲ್ಲ. ವರ್ಷಕ್ಕೊಮ್ಮೆ ಬರುವ ಚರ್ಚೆಯ ಸಂಪುಟಗಳಲ್ಲಿ ತಮ್ಮ ಹೆಸರಿರುವ ಪುಟಕ್ಕೆಲ್ಲ ಟ್ರಾಮಿನ ಟಿಕೆಟು ಸಿಕ್ಕಿಸಿ, ಬಂದವರಿಗೆ ತೆಗೆದು ತೋರಿಸುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಬರೆಸಿದ ಮನುಷ್ಯನಿಗೆ ಈಗ ಸರಕಾರವೇ ಉತ್ತರ ಬರೆದು ಕೊಡುತ್ತಿದೆಯಲ್ಲ ಎಂಬ ಖುಷಿ.

ರಾಜೀವಿ ಆ ಉತ್ತರಗಳನ್ನು ಬೇರೆ ಕಾರಣಕ್ಕೆ ಓದುತ್ತಿದ್ದಳು. ನೂರಾರು ಉತ್ತರ ಓದಿದ ಮೇಲೆ ಅಧಿಕಾರಿಗಳ ಗುಟ್ಟು ಅವಳಿಗೆ ತಿಳಿಯಿತು. ಉತ್ತರ ತಯಾರಿಸುವವನು ಯಾವುದನ್ನೂ ಹೊಸದಾಗಿ ವಿಚಾರಿಸುವುದಿಲ್ಲ. ಹಳೆಯ ಕಡತ ತೆಗೆದು ಅದರ ವಾಕ್ಯವನ್ನೇ ಇಳಿಸುತ್ತಾನೆ. ಪ್ರಶ್ನೆಯ ಮೊದಲ ಭಾಗಗಳಿಗೆ ಅಂಕಿ ಸಂಖ್ಯೆ ಕೊಟ್ಟು, ಮೂರನೆಯದಕ್ಕೆ ಬರುವಾಗ 'ಇಲ್ಲ, ಮಹೋದಯರೇ' ಎಂದು ಬಾಗಿಲು ಹಾಕಿಬಿಡುತ್ತಾನೆ. ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಇಲ್ಲ ಎಂದರೆ ನಾಲ್ಕನೆಯ ಭಾಗಕ್ಕೆ 'ಪ್ರಶ್ನೆ ಉದ್ಭವಿಸುವುದಿಲ್ಲ' ಎಂದು ಬರೆದು ಮನೆಗೆ ಹೋಗಬಹುದು. ಕೇಳಿದವನು ಕೊನೆಯ ಸಾಲಿನ ಫ್ಯಾನ್ ಬಾಬುವಾದರಂತೂ ಎರಡನೆಯ ಸಲ ನೋಡುವವರೇ ಇಲ್ಲ.

ಇನ್ನೊಂದೂ ತಿಳಿಯಿತು. ಕಡತದಲ್ಲಿ ಸುಳ್ಳು ಬರೆದರೆ ಕೇಳುವವರಿಲ್ಲ. ಅದೇ ಸುಳ್ಳನ್ನು ಸದನಕ್ಕೆ ಹೇಳಿದರೆ, ಅದು ತಪ್ಪೆಂದು ಸಂಸದ ಪುರಾವೆ ಸಮೇತ ಸ್ಪೀಕರರಿಗೆ ಬರೆದರೆ, ಮಂತ್ರಿ ಸದನದಲ್ಲೇ ತಿದ್ದುಪಡಿ ಕೊಡಬೇಕಾಗುತ್ತದೆ. ತನ್ನ ಬಾಯಲ್ಲಿ ಸುಳ್ಳು ಹೇಳಿಸಿದವನನ್ನು ಯಾವ ಮಂತ್ರಿಯೂ ಸುಮ್ಮನೆ ಬಿಡುವುದಿಲ್ಲ. ಇದನ್ನು ಓದಿದ ದಿನ ರಾಜೀವಿ ಪುಸ್ತಕ ಮುಚ್ಚಿ, ತನ್ನಷ್ಟಕ್ಕೆ ನಕ್ಕಳು. ಎಷ್ಟೋ ವರ್ಷದ ಮೇಲೆ ನಕ್ಕದ್ದು.

ಅವಸರ ಮಾಡಲಿಲ್ಲ. ಮೊದಲು ಸರಕು ನಿಗಮದ ಬಗ್ಗೆ ಒಂದು ಸಪ್ಪೆ ಪ್ರಶ್ನೆ ಕಳಿಸಿದಳು, ಗೋದಾಮುಗಳಲ್ಲಿ ಕುಡಿಯುವ ನೀರು ಇದೆಯೇ ಎಂದು. ಉತ್ತರ ಬಂತು. ಅದರ ಹಿಂದೆ, ಹೆಚ್ಚಿನ ಮಾಹಿತಿ ಬೇಕಾದರೆ ಬರೆಯಿರಿ ಎಂದು ನಿಗಮದ ಜನರಲ್ ಮ್ಯಾನೇಜರರ ಪತ್ರವೂ ಬಂತು. ಸಹಿ ಅಂಚೆ ಚೀಟಿಯ ಮೇಲಿದ್ದದ್ದೇ. ಸಂಸತ್ತಿನ ಉತ್ತರ ತಯಾರಿಸುವ ಮೇಜಿಗೇ ಹಯವದನ ರಾಯರು ಬಂದು ಕೂತಿದ್ದರು.

ಆಮೇಲೆ ನಿಜವಾದ ಪ್ರಶ್ನೆ. ಒಂದನೆಯದು, ನಿಗಮದ ಗೋದಾಮುಗಳಲ್ಲಿ ಎಪ್ಪತ್ತೈದರಿಂದ ಎಂಬತ್ತರ ನಡುವೆ ಎಷ್ಟು ನೌಕರರು ಅಪಘಾತದಲ್ಲಿ ಸತ್ತರು? ಎರಡು, ಒಂದೊಂದಕ್ಕೂ ಕಾರಣವೇನು? ಮೂರು, ಆ ಕಾರಣಕ್ಕೆ ವಿರುದ್ಧವಾದ ವೈದ್ಯಕೀಯ ದಾಖಲೆ ಯಾವುದಾದರೂ ನಿಗಮಕ್ಕೆ ತಲುಪಿದೆಯೇ? ನಾಲ್ಕು, ಹೌದಾದರೆ ವಿವರ. ಎಲ್ಲೂ ರಘುಪತಿಯ ಹೆಸರಿಲ್ಲ, ಖಿದಿರ್‌ಪುರದ ಹೆಸರಿಲ್ಲ. ಭವತೋಷ ಬಾಬುಗಳು ಕೊಳವೆ ಬಾವಿಯ ಪ್ರಶ್ನೆಗೂ ಪಾಸ್‌ಪೋರ್ಟ್ ಪ್ರಶ್ನೆಗೂ ನಡುವೆ ಅದಕ್ಕೂ ಸಹಿ ಹಾಕಿದರು.

ಯಾವ ಪ್ರಶ್ನೆ ಬರಬೇಕೆಂದು ಸಂಸತ್ತಿನಲ್ಲಿ ಚೀಟಿ ಎತ್ತುತ್ತಾರೆ. ಮೂರು ಅಧಿವೇಶನ ಇದು ಏಳಲಿಲ್ಲ. ರಾಜೀವಿ ಪ್ರತಿ ಸಲ ಹೊಸದಾಗಿ ಟೈಪ್ ಮಾಡಿ ಕಳಿಸಿದಳು. ಎಂಬತ್ತಾರರ ಚಳಿಗಾಲದಲ್ಲಿ ಎದ್ದಿತು. ಉತ್ತರದ ಹಾಳೆ ಬಂದಾಗ ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಒಲೆ ಆರಿಸಿ ಕೂತು ಓದಿದಳು. ಸತ್ತವರು ನಾಲ್ಕು. ಮೂರನೆಯವನ ಎದುರು, ಎಂಟು ವರ್ಷದ ಹಿಂದಿನ ಅದೇ ವಾಕ್ಯ, ಒಂದಕ್ಷರ ಬದಲಾಗದೆ: ಮದ್ಯಪಾನದ ಅಮಲಿನಲ್ಲಿ. ಈಗ ಅದು ದೇಶದ ಪುಸ್ತಕಕ್ಕೇ ಹೋಯಿತಲ್ಲ, ಕಳಿಸಿದವಳು ತಾನೇ ಅಲ್ಲವೇ ಎಂದು ಒಂದು ಗಳಿಗೆ ಹಾಳೆ ಮಗುಚಿಟ್ಟಳು. ಆಮೇಲೆ ಮೂರನೆಯ ಭಾಗ ನೋಡಿದಳು.

'ಇಲ್ಲ, ಮಹೋದಯರೇ.'

ಎರಡು ಶಬ್ದ. ಎಂಟು ವರ್ಷ ಅವಳು ಕಾದದ್ದು ಆ ಎರಡು ಶಬ್ದಕ್ಕೆ. ಶವಪರೀಕ್ಷೆಯ ವರದಿ, ಸಹಿ ಇದ್ದ ಅಂಚೆ ಚೀಟಿ, ಎರಡನ್ನೂ ಪೆಟ್ಟಿಗೆಯ ತಳದಿಂದ ತೆಗೆದು ಮೇಜಿನ ಮೇಲಿಟ್ಟಳು. ಸ್ಪೀಕರರಿಗೆ ಪತ್ರ ಟೈಪ್ ಮಾಡಿ, ಮರುದಿನ ಬೆಳಿಗ್ಗೆ ಭವತೋಷ ಬಾಬುಗಳ ಮುಂದೆ ಹಿಡಿದಳು. ಅಂದು ಮೊದಲ ಸಲ ಎಲ್ಲವನ್ನೂ ಹೇಳಿದಳು.

ಮುದುಕರು ಬೆವರಿದರು. ಗೋದಾಮಿನ ಯೂನಿಯನ್ನು ಅವರ ಪಕ್ಷದ್ದೇ. ಸಹಿ ಹಾಕುವ ಮೊದಲು ಪಕ್ಷದ ಲೋಕಲ್ ಕಮಿಟಿಯಲ್ಲಿ ಕೇಳಬೇಕು ಎಂದರು, ಕೇಳಿದರು. ಬೇಡ ಎಂಬ ಉತ್ತರ ಬಂತು. ಹಗ್ಗದ ಮಾತು ಎದ್ದರೆ ಅಂದು ಯೂನಿಯನ್ನು ಯಾಕೆ ಸುಮ್ಮನಿತ್ತು ಎಂಬುದೂ ಏಳುತ್ತದೆ.

"ನನ್ನಿಂದ ಆಗುವುದಿಲ್ಲ ಮಾ," ಎಂದರು ಭವತೋಷ ಬಾಬು. "ನೀನು ನನಗೆ ಹೇಳದೆ ಇದನ್ನು ಮಾಡಬಾರದಿತ್ತು."

"ಮಾಡಬಾರದಿತ್ತು," ಎಂದು ರಾಜೀವಿ ಒಪ್ಪಿಕೊಂಡಳು. ಆಮೇಲೆ ಕಪಾಟಿನಿಂದ ಚರ್ಚೆಯ ಸಂಪುಟಗಳನ್ನೆಲ್ಲ ಇಳಿಸಿ ಅವರ ಮುಂದೆ ಸಾಲಾಗಿ ಇಟ್ಟಳು. ಟ್ರಾಮಿನ ಟಿಕೆಟುಗಳು ಹೊರಗೆ ಕಾಣುತ್ತಿದ್ದವು. "ಮಾಸ್ಟರ್‌ಮೊಶಾಯ್, ಇದರಲ್ಲಿ ನೀವು ಕೇಳಿದ್ದು ಮುನ್ನೂರ ಹನ್ನೆರಡು ಪ್ರಶ್ನೆ. ಮುನ್ನೂರ ಹನ್ನೆರಡು ಉತ್ತರ. ಒಂದು ಸುಳ್ಳು ಎಂದು ನನಗೆ ಗೊತ್ತುಂಟು. ಉಳಿದವು ನಿಜ ಎಂದು ನಿಮಗೆ ಹೇಗೆ ಗೊತ್ತು? ಅವರು ನಿಮ್ಮ ಮುಖ ನೋಡಿ ಇಲ್ಲ ಎಂದು ಬರೆದಿದ್ದಾರೆ. ಇವನೇನು ಮಾಡಿಯಾನು ಎಂದು."

ಅವರು ಒಂದು ಸಂಪುಟ ತೆರೆದು, ಟಿಕೆಟು ತೆಗೆದು, ಮತ್ತೆ ಸಿಕ್ಕಿಸಿದರು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ತನ್ನನ್ನು ನೋಡಿ ನಗುತ್ತಿದ್ದಾನೆ ಎಂದು ಗೊತ್ತಾದ ಮೇಷ್ಟರ ಮುಖ ಅವರದಾಗಿತ್ತು. ಕೊನೆಗೆ ಪೆನ್ನಿನ ಮುಚ್ಚಳ ತೆಗೆದರು.

"ಎಲ್ಲಿ ಸಹಿ?" ಎಂದರು.

ಮುಂದಿನದು ತಾನಾಗಿ ನಡೆಯಿತು. ಸ್ಪೀಕರರ ಕಚೇರಿಯಿಂದ ಮಂತ್ರಿಗೆ ಹೋಯಿತು, ಮಂತ್ರಿಯಿಂದ ನಿಗಮಕ್ಕೆ ಹೋಯಿತು. ತಮಗೆ ಅಂಥ ಕಾಗದ ಬಂದೇ ಇಲ್ಲ ಎಂದು ಹಯವದನ ರಾಯರು ಬರೆದರು. ಆಗ ರಾಜೀವಿ ಅಂಚೆ ಚೀಟಿಯ ನಕಲನ್ನು ಕಳಿಸಿದಳು. ಅದನ್ನು ಮೊದಲ ಪತ್ರದ ಜೊತೆಗೆ ಕಳಿಸದೆ ಹಿಡಿದಿಟ್ಟುಕೊಂಡದ್ದು ಬೇಕೆಂದೇ. ಅವರು ಇನ್ನೊಂದು ಸುಳ್ಳು ಹೇಳಲಿ ಎಂದು, ಹೇಳಿಯೇ ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷ ಉಪ್ಪು ಬಡಿಸಿದವಳಿಗೆ ಮನುಷ್ಯ ತಿಳಿಯದೆ ಇರುತ್ತಾನೆಯೇ?

ಎಂಬತ್ತೇಳರ ಆಗಸ್ಟಿನಲ್ಲಿ, ಊಟದ ಹೊತ್ತಿಗೆ ಸ್ವಲ್ಪ ಮೊದಲು, ಅರ್ಧ ಖಾಲಿ ಸಭೆಯಲ್ಲಿ ಮಂತ್ರಿ ತಿದ್ದುಪಡಿಯ ಹೇಳಿಕೆ ಮಂಡಿಸಿದರು. ಮೂರನೆಯ ಭಾಗದಲ್ಲಿ 'ಇಲ್ಲ' ಎಂದಿರುವುದನ್ನು 'ಹೌದು' ಎಂದು ಓದಿಕೊಳ್ಳಬೇಕು. ಮೃತ ನೌಕರನು ಮದ್ಯಪಾನ ಮಾಡಿರಲಿಲ್ಲ. ಸದನಕ್ಕೆ ತಪ್ಪು ಮಾಹಿತಿ ಕೊಟ್ಟ ಅಧಿಕಾರಿಯ ಮೇಲೆ ವಿಚಾರಣೆಗೆ ಆದೇಶಿಸಲಾಗಿದೆ. ಭವತೋಷ ಬಾಬುಗಳು ಆ ದಿನ ಕೊನೆಯ ಸಾಲಿನಲ್ಲಿ ಎದ್ದು ನಿಂತು, ಆ ನೌಕರನ ಹೆಸರನ್ನು ಸದನ ದಾಖಲಿಸಿಕೊಳ್ಳಬೇಕು ಎಂದರಂತೆ. 'ರಘುಪತಿ' ಎಂದರಂತೆ. ಗಂಟೆ ಬಾರಿಸಿದರೂ ಕೂರದೆ ಇನ್ನೊಮ್ಮೆ ಹೇಳಿದರಂತೆ. ಮುಂದಿನ ಚುನಾವಣೆಗೆ ಪಕ್ಷ ಅವರಿಗೆ ಟಿಕೆಟು ಕೊಡಲಿಲ್ಲ. ಮುದುಕರ ಬಗ್ಗೆ ರಾಜೀವಿಗೆ ಪಾಪ ಅನಿಸಿತು, ನಿಜವಾಗಿಯೂ ಅನಿಸಿತು. ಮತ್ತೆ ಅಂಥದೇ ಸಂದರ್ಭ ಬಂದರೂ ಮಾಡುತ್ತಿದ್ದಳು ಎಂಬುದೂ ಅಷ್ಟೇ ನಿಜ.

ಹೇಳಿಕೆಯ ಹಾಳೆಯನ್ನು ಅತ್ತೆಗೆ ತಂದು ಓದಿದಳು. ಶಾಂತಮ್ಮ ಕೇಳಿದರು. ಕನ್ನಡಕ ಒರೆಸಿದರು.

"ದಿಲ್ಲಿಯ ಪುಸ್ತಕ ನನಗೆ ಎಂತಕ್ಕೆ? ನನ್ನ ಹತ್ತಿರ ಹೇಳಿದವ ಹಯವದನ. ಅವನು ಬಂದು ಹೇಳಲಿ."

ಆಯಿತು, ಒಂಬತ್ತು ವರ್ಷದ ಕೆಲಸ ಹೊಸ್ತಿಲ ಹೊರಗೆ ನಿಂತುಬಿಟ್ಟಿತು. ದೇಶದ ಲೋಕಸಭೆ ಒಪ್ಪಿದರೂ ಕಸ್ಬಾದ ಈ ಮುದುಕಿ ಒಪ್ಪಲಿಲ್ಲ. ರಾಜೀವಿ ಅಂದು ಊಟ ಮಾಡಲಿಲ್ಲ, ಹಾಳೆಯನ್ನು ಹರಿದು ಹಾಕೋಣ ಅನಿಸುವಷ್ಟು ಸಿಟ್ಟು ಬಂತು. ಹರಿಯಲಿಲ್ಲ.

ಆದರೆ ಹಯವದನ ರಾಯರು ಬಂದರು. ಬರಲೇಬೇಕಾಗಿತ್ತು. ಅವರ ನಿವೃತ್ತಿಗೆ ಇದ್ದದ್ದು ಎರಡೇ ತಿಂಗಳು, ವಿಚಾರಣೆ ಮುಗಿದು ವಜಾ ಆದರೆ ಮೂವತ್ತೈದು ವರ್ಷದ ಸೇವೆ ಮಣ್ಣು. ಯಾರೋ ಅವರಿಗೆ ದಾರಿ ಹೇಳಿಕೊಟ್ಟಿದ್ದರು. ದೂರು ಕೊಟ್ಟ ಸಂಸದರೇ, ತಿದ್ದುಪಡಿಯಿಂದ ತೃಪ್ತಿಯಾಗಿದೆ, ಇದು ಕಣ್ತಪ್ಪು ಎಂದು ತಿಳಿದಿದ್ದೇನೆ ಎಂದು ಒಂದು ಸಾಲು ಬರೆದರೆ ಮಂತ್ರಿ ಕಡತ ಮುಚ್ಚುತ್ತಾರೆ. ಆ ಸಂಸದರ ಪತ್ರ ಬರೆಯುವವರು ಯಾರು ಎಂದು ವಿಚಾರಿಸಿದಾಗ ಅವರಿಗೆ ಸಿಕ್ಕಿದ ಹೆಸರು ರಾಜೀವಿಯದು.

ಬಂದ ದಿನ ಮಹಾಲಯ ಅಮಾವಾಸ್ಯೆ. ಬೇಕೆಂದು ಬಂದದ್ದಲ್ಲ, ರೈಲಿಗೆ ಸಿಕ್ಕಿದ ಟಿಕೆಟು ಹಾಗಿತ್ತು. ಬೆಳಗಿನ ರೇಡಿಯೋದ ದೇವಿಸ್ತುತಿ ಮುಗಿದು, ಗಂಗೆಯಲ್ಲಿ ತರ್ಪಣ ಬಿಟ್ಟವರು ಒದ್ದೆ ಪಂಚೆಯಲ್ಲಿ ಗಲ್ಲಿಗೆ ಹಿಂತಿರುಗುತ್ತಿದ್ದರು. ಮನೆಯಲ್ಲಿ ಪಾಯಸದ ವಾಸನೆ. ನಡುಮನೆಯಲ್ಲಿ ಶಾಂತಮ್ಮ ತಮ್ಮ ಗಂಡನ ಹೆಸರಿನ ಒಂದು ಎಲೆ ಹಾಕಿದ್ದರು. ಹಯವದನ ರಾಯರು ತೆಳ್ಳಗಾಗಿದ್ದರು, ಕೈಯಲ್ಲಿ ಹಣ್ಣಿನ ಚೀಲ. ರಾಜೀವಿ ಒಳಗೆ ಕರೆದು ಕುರ್ಚಿ ಕೊಟ್ಟಳು. ಚಹಾ ಕೊಡಲಿಲ್ಲ.

ಅವರು ಹೇಳುವುದನ್ನೆಲ್ಲ ಹೇಳಿದರು. ಮೇಲಿನವರ ಒತ್ತಡ ಎಂದರು, ವಯಸ್ಸಾಯಿತು ಎಂದರು, ನಿನ್ನ ಅಪ್ಪನ ಅನ್ನ ಉಂಡವ ಎಂದರು.

"ಒಂದು ಸಾಲು ಸಾಕು ರಾಜೀವಿ. ನೀನು ಟೈಪ್ ಮಾಡಿ ಕೊಟ್ಟರೆ ಆ ಮನುಷ್ಯ ಸಹಿ ಹಾಕ್ತಾನೆ."

"ಹಾಕ್ತಾರೆ," ಎಂದಳು. ಟೈಪ್‌ರೈಟರಿಗೆ ಹಾಳೆ ಏರಿಸಿದಳು. "ಎಂತ ಬರೆಯಬೇಕು ಅಂತ ನೀವೇ ಹೇಳಿ ರಾಯರೇ. ನಡೆದದ್ದನ್ನು ಮೊದಲಿಂದ ಹೇಳಿ. ಕನ್ನಡದಲ್ಲಿ ಹೇಳಿ, ಇಂಗ್ಲಿಷ್ ನಾನು ಮಾಡ್ತೇನೆ. ಸ್ವಲ್ಪ ದೊಡ್ಡಕ್ಕೆ ಹೇಳಿ, ಮೆಷಿನ್ನಿನ ಶಬ್ದ."

ಅಡುಗೆ ಕೋಣೆಯಲ್ಲಿ ಸೌಟಿನ ಸದ್ದು ನಿಂತದ್ದು ಅವಳಿಗೆ ಕೇಳಿಸಿತು. ಹಯವದನ ರಾಯರಿಗೆ ಕೇಳಿಸಲಿಲ್ಲ. ಅವರ ಕಣ್ಣು ಆ ಹಾಳೆಯ ಮೇಲೆಯೇ ಇತ್ತು.

"ಎಪ್ಪತ್ತೆಂಟನೆಯ ಇಸವಿ... ಲಿಫ್ಟಿನ ಹಗ್ಗ ಹಾಳಾಗಿತ್ತು. ರಘುಪತಿ ಮೂರು ಸಲ ಬರೆದು ಕೊಟ್ಟಿದ್ದ."

"ಮುಂದೆ."

"ಪೀಪಾಯಿ ಒಡೆದು ಸ್ಪಿರಿಟ್ಟು ಅವನ ಬಟ್ಟೆಗೆ ಬಿತ್ತು. ಅವನು ಕುಡಿದಿರಲಿಲ್ಲ."

"ಅಂದೇ ನಿಮಗೆ ಗೊತ್ತಿತ್ತಾ, ಆಮೇಲೆ ಗೊತ್ತಾದದ್ದಾ? ಕಣ್ತಪ್ಪು ಅಂತ ಹೇಗೆ ಬರೆಯುವುದು, ಅದಕ್ಕೆ ಕೇಳಿದ್ದು."

ಅವರು ತಲೆ ತಗ್ಗಿಸಿದರು. "ಅಂದೇ ಗೊತ್ತಿತ್ತು. ಅವನು ಒಂದು ದಿನವೂ ಕುಡಿದವನಲ್ಲ."

ಅಡುಗೆ ಕೋಣೆಯ ಬಾಗಿಲಲ್ಲಿ ಶಾಂತಮ್ಮ ನಿಂತಿದ್ದರು. ಎಪ್ಪತ್ತಾರು ವರ್ಷದ ಮುದುಕಿ, ಕೈಯಲ್ಲಿ ಸೌಟು. ಹಯವದನ ರಾಯರು ಎದ್ದು ನಿಂತರು.

"ಶಾಂತಕ್ಕ..."

"ಅಂದೇ ಗೊತ್ತಿತ್ತಾ ನಿನಗೆ?"

ಶಾಂತಮ್ಮ ಒಳಗೆ ಹೋಗಿ ಇನ್ನೊಂದು ಎಲೆ ತಂದರು. ತಮ್ಮ ಗಂಡನ ಎಲೆಯ ಪಕ್ಕದಲ್ಲಿ ಹಾಕಿ, ನೀರು ಚಿಮುಕಿಸಿ ಒರೆಸಿದರು. ಉಪ್ಪು, ಕೋಸಂಬರಿ, ಪಲ್ಯ, ಅನ್ನ, ಪಾಯಸ, ಕ್ರಮ ತಪ್ಪದೆ ಬಡಿಸಿದರು. ಪಾಯಸ ಎಲೆಯ ಹೊರಗೂ ಬಿತ್ತು. ಆಮೇಲೆ ಹಯವದನ ರಾಯರ ಕಡೆ ತಿರುಗಿದರು.

"ಒಂಬತ್ತು ವರ್ಷ ನನ್ನ ಮಗ ಉಪವಾಸ ಇದ್ದ. ಇವತ್ತು ಮನೆಗೆ ಬಂದವರನ್ನು ಉಣ್ಣದೆ ಕಳಿಸಬಾರದು ಅಂತ ಉಂಟು. ಆದರೂ ನಿನಗೆ ಇಲ್ಲಿ ಎಲೆ ಇಲ್ಲ. ಹೋಗು."

ಗಣಪಯ್ಯನ ಮೆಸ್ಸಿನಲ್ಲಿ ಮೂಲೆಯ ಎಲೆಗೆ ಒಡೆಯನಾಗಿದ್ದವನಿಗೆ ಇದು ತಟ್ಟಿತು. ಮುಖ ಕಪ್ಪಿಟ್ಟಿತು. ಆದರೂ ಬಾಗಿಲ ಬಳಿ ನಿಂತು ರಾಜೀವಿಗೆ ಕೇಳಿದರು, "ಆ ಸಾಲು?"

ರಾಜೀವಿ ಹಾಳೆಯನ್ನು ಯಂತ್ರದಿಂದ ಎಳೆದು ಅವರಿಗೆ ತೋರಿಸಿದಳು. ಖಾಲಿ ಹಾಳೆ. ಅವಳು ಒಂದಕ್ಷರವನ್ನೂ ಒತ್ತಿರಲಿಲ್ಲ. ಅದು ಅವರ ಗಮನಕ್ಕೂ ಬಂದಿರಲಿಲ್ಲ.

"ನೀವು ಹೇಳಿದ್ದು ಯಾವ ಕಡತದಲ್ಲಿಯೂ ಇಲ್ಲ ರಾಯರೇ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ. ನೀವು ನನಗೆ ಕಲಿಸಿದ್ದು."

ಅವರು ಮೆಟ್ಟಿಲಿಳಿದು ಹೋದರು. ಹಣ್ಣಿನ ಚೀಲ ಉಳಿದಿತ್ತು. ರಾಜೀವಿ ಅದನ್ನು ಕೆಳಗಿನ ಕಟ್ಟೆಯ ಮೇಲೆ ಇಟ್ಟು ಬಂದಳು. ಶಾಂತಮ್ಮ ಮಗನ ಎಲೆಯಿಂದ ಒಂದು ಹಿಡಿ ಅನ್ನ ತಂದು, ಅರ್ಧ ತೆರೆದ ಕಿಟಕಿಯ ಅಂಚಿನ ಮೇಲಿಟ್ಟು ಕಾಗೆ ಕರೆಯುತ್ತಿದ್ದರು. ಎಲ್ಲರೂ ಕಾ ಕಾ ಎಂದು ಕರೆಯುತ್ತಾರೆ. ಮುದುಕಿ ಹಾಗೆ ಕರೆಯಲಿಲ್ಲ. "ರಘುಪತೀ," ಎಂದು ಕರೆದರು, "ಬಾ ಮಗಾ, ಉಣ್ಣು ಬಾ." ಒಂಬತ್ತು ವರ್ಷ ನುಂಗಿಕೊಂಡಿದ್ದ ಹೆಸರು ಗಲ್ಲಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು.

ರಾಜೀವಿ ಕಿಟಕಿಯ ಹತ್ತಿರ ನಿಂತು ಅತ್ತಳು. ಕೆಳಗೆ ಹಯವದನ ರಾಯರು ಇನ್ನೂ ಟ್ಯಾಕ್ಸಿಗೆ ಕಾಯುತ್ತಿದ್ದರು. ಅವರಿಗೂ ಕೇಳಿಸಲಿ ಎಂದು ಅವಳು ಕಿಟಕಿಯ ಎರಡೂ ಬಾಗಿಲನ್ನು ಪೂರ್ತಿ ತೆರೆದಳು.